ಬಿಷಪ್: ರೋಮನ್ ಪ್ರಾಂತ್ಯಗಳ ನಗರಗಳಲ್ಲಿ ಒಂದು ಹುದ್ದೆ

ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಬಿಷಪ್ ಎಂದರೆ ಒಂದು ನಗರಕ್ಕೂ ಅದಕ್ಕೆ ಸೇರಿದ ಹಳ್ಳಿಗಳಿಗೂ ಸಂಬಂಧಿಸಿದ ಕ್ರೈಸ್ತ ಸಭೆಯ ಮುಖ್ಯಸ್ಥ; ಆ ಸ್ಥಾನ ಜೀವಾವಧಿಯದು. ಕನ್ನಡ ಸತ್ಯವೇದದಲ್ಲಿ ಇವನು ಸಭಾಧ್ಯಕ್ಷ, ಕಥೋಲಿಕರ ಬಳಕೆಯಲ್ಲಿ ಧರ್ಮಾಧ್ಯಕ್ಷ. ನಾಲ್ಕು ಮತ್ತು ಐದನೆಯ ಶತಮಾನಗಳ ಬಿಷಪ್ಪನನ್ನು ಪೂಜೆ, ಪ್ರವಚನಗಳಿಗೆ ಮಾತ್ರ ಸೇರಿದವನೆಂದು ತಿಳಿದರೆ ಆ ಕಾಲದ ನಗರಜೀವನದ ಅರ್ಧ ಭಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವನು ವ್ಯಾಜ್ಯ ತೀರಿಸುತ್ತಿದ್ದ, ಸಾಲಗಾರರಿಗೆ ಆಶ್ರಯ ಕೊಡುತ್ತಿದ್ದ, ತೆರಿಗೆ ಇಳಿಸಬೇಕೆಂದು ಅಧಿಕಾರಿಗಳಿಗೆ ಬರೆಯುತ್ತಿದ್ದ, ಕೆಲವೆಡೆ ಸೇತುವೆಯನ್ನೂ ಕಟ್ಟಿಸಿದ. ಚಕ್ರವರ್ತಿಗಳ ಬೆಂಬಲದಿಂದಲೇ ಈ ಕೆಲಸಗಳು ಅವನ ಪಾಲಿಗೆ ಬಂದವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣ, ಉಳಿದವರೆಲ್ಲ ಬಂದು ಹೋಗುತ್ತಿದ್ದಾಗ ಅವನೊಬ್ಬ ಊರಿನಲ್ಲೇ ಉಳಿಯುತ್ತಿದ್ದದ್ದು ಎಂದು ನನಗೆ ತೋರುತ್ತದೆ.

ಮೊದಮೊದಲು ಸಭೆಗಳನ್ನು ಹಲವು ಹಿರಿಯರು ಕೂಡಿ ನಡೆಸುತ್ತಿದ್ದರು. ಎರಡನೆಯ ಶತಮಾನದ ಆರಂಭದ ದಶಕಗಳಲ್ಲಿ ಅಂತಿಯೋಕ್ಯದ ಇಗ್ನೇಷಿಯಸ್ ಸೆರೆಯಾಳಾಗಿ ರೋಮಿಗೆ ಹೋಗುತ್ತ ಎಫೆಸ, ಸ್ಮುರ್ನ ಮುಂತಾದ ನಗರಗಳ ಸಭೆಗಳಿಗೆ ಬರೆದ ಪತ್ರಗಳಲ್ಲಿ, ಒಬ್ಬನೇ ಬಿಷಪ್, ಅವನ ಜೊತೆ ಹಿರಿಯರು, ಸೇವೆಗೆ ಡೀಕನ್‌ಗಳು ಎಂಬ ವ್ಯವಸ್ಥೆ ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯ ಶತಮಾನದ ನಡುವೆ, ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ನನ ಕಾಲಕ್ಕೆ ಈ ವ್ಯವಸ್ಥೆ ಬಲಿತಿತ್ತು. ಸಭೆಯ ಕಾಣಿಕೆಯ ಹಣ ವಿಧವೆಯರಿಗೂ ಸೆರೆಯಲ್ಲಿದ್ದವರಿಗೂ ಅವನ ಅಪ್ಪಣೆಯಂತೆ ಹಂಚಿಕೆಯಾಗುತ್ತಿತ್ತು. ಸರ್ಕಾರಕ್ಕೂ ಇದು ಗೊತ್ತಿತ್ತು. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಆಜ್ಞೆಯಂತೆ ಸಿಪ್ರಿಯನ್ನನಿಗೆ ಮರಣದಂಡನೆಯಾಯಿತು.

313ರ ನಂತರ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತ ಸಭೆಗೆ ಮಾನ್ಯತೆ ಕೊಟ್ಟಾಗ, ಸಭೆ ತನ್ನ ನಕ್ಷೆಯನ್ನು ಸಾಮ್ರಾಜ್ಯದ ನಕ್ಷೆಯ ಮೇಲೆಯೇ ಬರೆದುಕೊಂಡಿತು. 325ರಲ್ಲಿ ಬಿಷಪ್ಪರು ಕೂಡಿದ ನೈಸಿಯಾ ಮಹಾಸಭೆಯ ನಿಯಮಗಳ ಪ್ರಕಾರ ಹೊಸ ಬಿಷಪ್ಪನನ್ನು ಪ್ರಾಂತ್ಯದ ಎಲ್ಲ ಬಿಷಪ್ಪರೂ, ಅದಾಗದಿದ್ದರೆ ಕನಿಷ್ಠ ಮೂವರು ಸೇರಿ, ನೇಮಿಸಬೇಕು. ಪ್ರಾಂತ್ಯದ ಮುಖ್ಯ ನಗರದ ಬಿಷಪ್ ಅದಕ್ಕೆ ಒಪ್ಪಿಗೆ ಕೊಡಬೇಕು. ಒಂದು ನಗರದ ಬಿಷಪ್ ಇನ್ನೊಂದು ನಗರಕ್ಕೆ ಹೋಗಕೂಡದು. ಕೊನೆಯ ನಿಯಮವನ್ನು ಅನೇಕರು ಮುರಿದರು. ಆದರೂ ಬಿಷಪ್ ತನ್ನ ನಗರಕ್ಕೆ ಕಟ್ಟುಬಿದ್ದವನೆಂಬ ಭಾವನೆ ಅಳಿಯಲಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಅಂದಿನ ನಗರಾಡಳಿತದ ಸ್ಥಿತಿಯನ್ನು ನೋಡಬೇಕು. ಪ್ರಾಂತ್ಯವನ್ನು ಆಳುವ ಗವರ್ನರ್ ಹೊರಗಿನಿಂದ ಬಂದು, ಸಾಮಾನ್ಯವಾಗಿ ಒಂದೆರಡು ವರ್ಷ ಇದ್ದು, ಊರಿನ ಒಳಗುಟ್ಟು ತಿಳಿಯುವ ಮೊದಲೇ ಹೊರಟುಹೋಗುತ್ತಿದ್ದ. ನಗರಮಂಡಳಿಯ ಸದಸ್ಯರು ಸ್ಥಳೀಯ ಜಮೀನುದಾರರೇ ಆಗಿದ್ದರೂ, ತೆರಿಗೆ ವಸೂಲಿಯಲ್ಲಿ ಕೊರತೆಯಾದರೆ ಸ್ವಂತ ಆಸ್ತಿಯಿಂದ ತುಂಬಿಕೊಡಬೇಕಾದ ಹೊಣೆಯಿಂದ ಬೇಸತ್ತು ತಪ್ಪಿಸಿಕೊಳ್ಳುವ ದಾರಿಯನ್ನೇ ಹುಡುಕುತ್ತಿದ್ದರು. ಪಾದ್ರಿಗಳಿಗೆ ಆ ಹೊಣೆಯಿಂದ ವಿನಾಯಿತಿ ಸಿಕ್ಕಾಗ ಅವರಲ್ಲಿ ಕೆಲವರು ಪಾದ್ರಿಗಳೇ ಆಗತೊಡಗಿದರು. ಕಾನ್‌ಸ್ಟಂಟೈನ್ ಅದಕ್ಕೂ ತಡೆ ಹಾಕಬೇಕಾಯಿತು.

ಕಾನ್‌ಸ್ಟಂಟೈನನೇ ಬಿಷಪ್ಪನ ತೀರ್ಪಿಗೆ ಕಾನೂನಿನ ಬಲ ಕೊಟ್ಟ. 333ರ ಆಜ್ಞೆಯಂತೆ, ಎದುರಾಳಿ ಒಪ್ಪದಿದ್ದರೂ ಕಕ್ಷಿದಾರನೊಬ್ಬ ತನ್ನ ವ್ಯಾಜ್ಯವನ್ನು ಬಿಷಪ್ಪನ ಮುಂದೆ ಒಯ್ಯಬಹುದಿತ್ತು, ಆ ತೀರ್ಪಿನ ಮೇಲೆ ಮೇಲ್ಮನವಿಯೂ ಇರಲಿಲ್ಲ. ಮುಂದೆ 398 ಮತ್ತು 408ರ ಕಾನೂನುಗಳು ಇಬ್ಬರ ಒಪ್ಪಿಗೆಯೂ ಬೇಕೆಂದು ಇದನ್ನು ಬಿಗಿಗೊಳಿಸಿದವು. ಆದರೂ ಖರ್ಚಿಲ್ಲದೆ, ಬೇಗ ತೀರ್ಪು ಸಿಗುವ ಜಾಗವೆಂದು ಜನ ಅಲ್ಲಿಗೇ ಬರುತ್ತಿದ್ದರು. ಇಂದಿನ ಅಲ್ಜೀರಿಯಾದ ಕರಾವಳಿಯಲ್ಲಿದ್ದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ ಕೆಲವೊಮ್ಮೆ ದಿನವಿಡೀ ಊಟವಿಲ್ಲದೆ ತಕರಾರುಗಳನ್ನು ಕೇಳುತ್ತ ಕುಳಿತಿರುತ್ತಿದ್ದನೆಂದು ಅವನ ಜೀವನಚರಿತ್ರೆ ಬರೆದ ಪೊಸಿಡಿಯಸ್ ಹೇಳುತ್ತಾನೆ. ಅಗಸ್ಟೀನನಿಗೆ ಈ ಕೆಲಸ ಇಷ್ಟವಿರಲಿಲ್ಲ. ಓದಿಗೂ ಪ್ರಾರ್ಥನೆಗೂ ಸಮಯ ಉಳಿಯುವುದಿಲ್ಲವೆಂದು ಗೊಣಗುತ್ತಲೇ ಮಾಡಿದ.

ಅವನ ಪತ್ರಗಳಲ್ಲಿ ಈ ಹುದ್ದೆಯ ದಿನನಿತ್ಯದ ಮುಖ ಕಾಣುತ್ತದೆ. ಫಾಸಿಯಸ್ ಎಂಬ ಸಾಲಗಾರ ವಸೂಲಿಗಾರರಿಗೆ ಹೆದರಿ ಚರ್ಚಿನಲ್ಲಿ ಆಶ್ರಯ ಪಡೆದ. ತನ್ನ ಸಾಲದ ವಿಷಯವನ್ನು ಸಭೆಯ ಮುಂದೆ ಹೇಳಿ ಹಣ ಕೇಳುವುದು ಬೇಡವೆಂದ, ಮರ್ಯಾದೆಯ ಪ್ರಶ್ನೆ. ಅಗಸ್ಟೀನ್ ಬೇರೊಬ್ಬರಿಂದ 17 ಚಿನ್ನದ ನಾಣ್ಯಗಳನ್ನು ಕೈಸಾಲ ತಂದು ತೀರಿಸಿದ. ಗಡುವಿನೊಳಗೆ ಫಾಸಿಯಸ್ ಮರಳಿ ಬಾರದಿದ್ದಾಗ, ಕೊನೆಗೆ ಆ ಹಣಕ್ಕಾಗಿ ಸಭೆಗೇ ಪತ್ರ ಬರೆಯಬೇಕಾಯಿತು. ಅವನ ಮುಪ್ಪಿನ ದಿನಗಳ ಇನ್ನೊಂದು ಪತ್ರ ಇದಕ್ಕಿಂತ ಘೋರವಾದದ್ದು. ಸ್ವತಂತ್ರ ಜನರನ್ನೇ ಅಪಹರಿಸಿ ಹಿಪ್ಪೊ ಬಂದರಿನಿಂದ ಹಡಗಿನಲ್ಲಿ ಸಾಗಿಸುತ್ತಿದ್ದ ಗುಲಾಮರ ವ್ಯಾಪಾರಿಗಳಿಂದ ಸುಮಾರು 120 ಮಂದಿಯನ್ನು ಅವನ ಸಭೆಯವರು ಬಿಡಿಸಿದ್ದರು. ಅಗಸ್ಟೀನ್ ಆಗ ಊರಿನಲ್ಲಿರಲಿಲ್ಲ. ಇಂಥ ವ್ಯಾಪಾರಿಗಳಿಗೆ ಸೀಸದ ಗುಂಡು ಕಟ್ಟಿದ ಚಾವಟಿಯ ಶಿಕ್ಷೆ ಕಾನೂನಿನಲ್ಲಿತ್ತು, ಆದರೆ ಆ ಹೊಡೆತಕ್ಕೆ ಜನ ಸಾಯುತ್ತಾರೆಂದು ಅವನು ಅದನ್ನು ಬಳಸಲು ಹಿಂಜರಿಯುತ್ತಾನೆ. ಅಪರಾಧವನ್ನು ತಡೆಯಬೇಕು, ಅಪರಾಧಿ ಸಾಯಬಾರದು: ಬಿಷಪ್ ನ್ಯಾಯಾಧೀಶನಾದಾಗ ಎದುರಾಗುತ್ತಿದ್ದ ಇಕ್ಕಟ್ಟು ಇದೇ.

ಗವರ್ನರನ ಎದುರು ನಿಲ್ಲಬೇಕಾಗಿ ಬಂದ ಪ್ರಸಂಗಗಳೂ ಇವೆ. ಇಂದಿನ ಲಿಬಿಯಾದ ಟೊಲೆಮಾಯಿಸ್ ನಗರಕ್ಕೆ ಐದನೆಯ ಶತಮಾನದ ಆರಂಭದಲ್ಲಿ ಬಿಷಪ್ ಆದ ಸಿನೇಸಿಯಸ್, ಅಲೆಕ್ಸಾಂಡ್ರಿಯಾದ ತತ್ತ್ವಜ್ಞಾನಿ ಹೈಪೇಷಿಯಾಳ ಶಿಷ್ಯ, ಜಮೀನುದಾರ, ಬೇಟೆಯನ್ನು ಪ್ರೀತಿಸುತ್ತಿದ್ದವನು. ಹೆಂಡತಿಯನ್ನು ಬಿಡಲಾರೆನೆಂದು ಮೊದಲೇ ಹೇಳಿ ಹುದ್ದೆ ಒಪ್ಪಿಕೊಂಡವನು. ಗವರ್ನರ್ ಆಂಡ್ರೊನಿಕಸ್ ಜನರನ್ನು ಚಿತ್ರಹಿಂಸೆಗೆ ಗುರಿಮಾಡಿ, ಚರ್ಚಿನಲ್ಲಿ ಆಶ್ರಯ ಪಡೆಯಕೂಡದೆಂಬ ಆಜ್ಞೆಯನ್ನು ಚರ್ಚಿನ ಬಾಗಿಲಿಗೇ ಅಂಟಿಸಿದಾಗ, ಸಿನೇಸಿಯಸ್ ಅವನನ್ನು ಸಭೆಯಿಂದ ಬಹಿಷ್ಕರಿಸಿದ. ಸೈನ್ಯವಿಲ್ಲದ ಬಿಷಪ್ಪನ ಕೈಯಲ್ಲಿದ್ದ ಅಸ್ತ್ರ ಅದೊಂದೇ. ಮುಂದೆ ಆಂಡ್ರೊನಿಕಸ್ ಅಧಿಕಾರ ಕಳೆದುಕೊಂಡು ಕಷ್ಟಕ್ಕೆ ಸಿಕ್ಕಾಗ ಅವನ ಪರವಾಗಿ ಅಲೆಕ್ಸಾಂಡ್ರಿಯಾದ ಬಿಷಪ್ಪನಿಗೆ ಪತ್ರ ಬರೆದವನೂ ಸಿನೇಸಿಯಸ್ಸನೇ.

ಕಟ್ಟಡಗಳ ಮಾತಿಗೆ ಬಂದರೆ ಸಿರಿಯಾದ ಸೈರಸ್ ಎಂಬ ಚಿಕ್ಕ ನಗರದ ಥಿಯೊಡೊರೆಟ್ಟನ ಉದಾಹರಣೆ ಸಾಕು. 423ರಲ್ಲಿ ಬಿಷಪ್ ಆದ ಆತ ಸಭೆಯ ಆದಾಯದಿಂದ ಎರಡು ದೊಡ್ಡ ಸೇತುವೆಗಳನ್ನೂ ಕಂಬಸಾಲುಗಳನ್ನೂ ಕಟ್ಟಿಸಿದ, ಸ್ನಾನಗೃಹಗಳನ್ನು ನೋಡಿಕೊಂಡ, ನೀರಿನ ಕಾಲುವೆ ಮಾಡಿಸಿದ. ತೆರಿಗೆ ಇಳಿಸಬೇಕೆಂದು ರಾಜಧಾನಿಗೂ ಪತ್ರಗಳನ್ನು ಬರೆದ. ಹಿಂದೆ ಇಂಥ ಕಟ್ಟಡಗಳನ್ನು ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುತ್ತಿದ್ದವರು ನಗರಮಂಡಳಿಯ ಸಿರಿವಂತರು.

ಇಷ್ಟು ಅಧಿಕಾರ ಒಬ್ಬನ ಕೈಗೆ ಜೀವಾವಧಿ ಸಿಕ್ಕರೆ ಏನಾಗಬಹುದೆಂಬುದಕ್ಕೂ ಅಗಸ್ಟೀನನೇ ಸಾಕ್ಷಿ. ಹಿಪ್ಪೊದಿಂದ ಸುಮಾರು 40 ಮೈಲಿ ದೂರದ ಫುಸ್ಸಾಲಾ ಎಂಬ ಊರಿಗೆ ಅಲ್ಲಿಯವರ ಪ್ಯೂನಿಕ್ ಎಂಬ ಹಳೆಯ ಕಾರ್ಥೇಜಿನ ಭಾಷೆ ಬಲ್ಲ ಬಿಷಪ್ ಬೇಕಾಗಿತ್ತು. ಒಪ್ಪಿದ್ದ ವ್ಯಕ್ತಿ ಕೊನೆಯ ಗಳಿಗೆಯಲ್ಲಿ ಹಿಂಜರಿದಾಗ, ನೇಮಕಕ್ಕೆ ಬಂದಿದ್ದ ಹಿರಿಯ ಬಿಷಪ್ಪನನ್ನು ಬರಿಗೈಯಲ್ಲಿ ಕಳಿಸಲಾರದೆ, ತನ್ನ ಮಠದಲ್ಲಿ ಬೆಳೆದ ಆಂಟೊನಿನಸ್ ಎಂಬ ತರುಣನನ್ನು ಅಗಸ್ಟೀನ್ ಮುಂದೆ ಮಾಡಿದ. ಆ ತರುಣ ಊರಿನವರ ಹಣ, ದನಕರು, ಬೆಳೆಗಳನ್ನು ಕಿತ್ತುಕೊಂಡ. ಬೇರೆಯವರ ಮನೆಯ ಕಲ್ಲು ಕೀಳಿಸಿ ತನ್ನ ಮನೆ ಕಟ್ಟಿಸಿದ. ಬಿಷಪ್ಪರು ಸಭೆ ಸೇರಿ ಅವನಿಂದ ಫುಸ್ಸಾಲಾದ ಅಧಿಕಾರವನ್ನು ಕಸಿದರೂ ಬಿಷಪ್ ಎಂಬ ಪದವಿಯನ್ನು ಉಳಿಸಿದರು. ಅವನು ರೋಮಿನ ಬಿಷಪ್ಪನಿಗೆ ದೂರು ಒಯ್ದ. ಆ ನೋವಿನಲ್ಲಿ ಅಗಸ್ಟೀನ್ ತಾನೇ ಹುದ್ದೆ ತೊರೆಯುವ ಮಾತಾಡುತ್ತಾನೆ. ಆಫ್ರಿಕಾದಲ್ಲಿ ಇಂಥ ಸಣ್ಣ ಊರುಗಳಿಗೂ ಬಿಷಪ್ಪರಿದ್ದುದರಿಂದಲೇ, 411ರಲ್ಲಿ ಕಾರ್ಥೇಜಿನಲ್ಲಿ ಕ್ರೈಸ್ತರೊಳಗಿನ ಎರಡು ಎದುರಾಳಿ ಬಣಗಳ 500ಕ್ಕೂ ಹೆಚ್ಚು ಬಿಷಪ್ಪರು ಸೇರಲು ಸಾಧ್ಯವಾದದ್ದು.

ಕಾಲ ಕಳೆದಂತೆ ಸರ್ಕಾರವೇ ಈ ವಾಸ್ತವವನ್ನು ಕಾನೂನಿಗೆ ಇಳಿಸಿತು. 409ರ ಆಜ್ಞೆಯೊಂದು ಜನರ ಪರವಾಗಿ ನಿಲ್ಲುವ ನಗರರಕ್ಷಕ ಎಂಬ ಅಧಿಕಾರಿಯ ಆಯ್ಕೆಯಲ್ಲಿ ಜಮೀನುದಾರರು ಮತ್ತು ಮಂಡಳಿಯವರ ಜೊತೆ ಬಿಷಪ್ಪನಿಗೂ ಪಾದ್ರಿಗಳಿಗೂ ಪಾಲು ಕೊಟ್ಟಿತು. 530ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ಕಾನೂನಿನಂತೆ, ನಗರದ ವಾರ್ಷಿಕ ಆದಾಯ ಮತ್ತು ಖರ್ಚಿನ ಲೆಕ್ಕವನ್ನು ಬಿಷಪ್ ಊರಿನ ಮೂವರು ಗಣ್ಯರೊಡನೆ ಕುಳಿತು ಪರಿಶೀಲಿಸಬೇಕಾಯಿತು.