ಹಳೇ ಸಿ.ಟಿ. ಎಲ್ಲಿ?

ಶ್ವಾಸಕೋಶದ ಫೈಬ್ರೋಸಿಸ್, ಅಂದರೆ ಶ್ವಾಸಕೋಶದಲ್ಲಿ ಗಾಯದ ಕಲೆಯಂಥದ್ದು ಬೀಳುವ ಕಾಯಿಲೆ, ಇರುವವರು ಸ್ಕ್ಯಾನ್‌ಗೆ ಬಂದಾಗ ನಾನು ಮೊದಲು ಕೇಳುವುದು, ಹಳೇ ಸಿ.ಟಿ. ತಂದಿದ್ದೀರಾ ಅಂತ. ಹೆಚ್ಚಿನವರು ರಿಪೋರ್ಟ್ ಹಾಳೆ ಕೊಡುತ್ತಾರೆ. ಕೆಲವರು ಮೊಬೈಲ್‌ನಲ್ಲಿ ಫಿಲಂನ ಫೋಟೋ ತೋರಿಸುತ್ತಾರೆ. ಅದರಲ್ಲಿ ಕಿಟಕಿಯ ಸರಳುಗಳೇ ಜಾಸ್ತಿ ಕಾಣುತ್ತವೆ!

ದಯವಿಟ್ಟು ಕೇಳಿ, ರಿಪೋರ್ಟ್ ಸಾಲದು. 'ಎರಡೂ ಕಡೆ ಕೆಳಭಾಗದಲ್ಲಿ ಫೈಬ್ರೋಸಿಸ್' ಅಂತ ಹೋದ ವರ್ಷವೂ ಬರೆದಿರುತ್ತಾರೆ, ಈ ವರ್ಷವೂ ಬರೆದಿರುತ್ತಾರೆ. ಆದರೆ ಆಗ ಅಂಚಿನಲ್ಲಿ ಬರೀ ಬಲೆಯಂಥ ಗೆರೆಗಳಿದ್ದು, ಈಗ ಅಲ್ಲೇ ಜೇನುಗೂಡಿನಂಥ ತೂತುಗಳು ಎದ್ದಿರಬಹುದು. ಅದು ಗೊತ್ತಾಗಬೇಕಾದರೆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಲೇಬೇಕು. ಬಿದ್ದ ಕಲೆ ಹೋಗುವುದಿಲ್ಲ. ಅದು ಹಬ್ಬುತ್ತಿದೆಯಾ, ನಿಂತಿದೆಯಾ ಅನ್ನೋದು ನಮಗೆ ಬೇಕು. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ: ಒಂದು ವರ್ಷದೊಳಗೆ ದಮ್ಮು ಹೆಚ್ಚಾಗಿದೆಯಾ, ಊದುವ ಪರೀಕ್ಷೆಯ ಅಂಕಿ ಇಳಿದಿದೆಯಾ, ಸ್ಕ್ಯಾನಿನಲ್ಲಿ ಕಲೆ ಬೆಳೆದಿದೆಯಾ? ಬೇರೆ ಕಾರಣ ಇಲ್ಲದೆ ಈ ಮೂರರಲ್ಲಿ ಎರಡು ಇದ್ದರೆ ಕಾಯಿಲೆ ಮುಂದುವರಿಯುತ್ತಿದೆ ಅಂತ ಲೆಕ್ಕ. ಕಲೆ ಹಬ್ಬುವುದನ್ನು ನಿಧಾನಿಸುವ ನಿಂಟೆಡಾನಿಬ್‌ನಂಥ ದುಬಾರಿ ಮಾತ್ರೆ ಶುರುಮಾಡುವ ತೀರ್ಮಾನ ಎಷ್ಟೋ ಸಲ ಇದರ ಮೇಲೆ ನಿಂತಿರುತ್ತದೆ.

ಒಬ್ಬ ತಾಯಿಯ ರಿಪೋರ್ಟ್‌ನಲ್ಲಿ 'ಹೊಸದಾಗಿ ಗ್ರೌಂಡ್ ಗ್ಲಾಸ್' ಅಂತಿತ್ತು, ಅಂದರೆ ಸ್ಕ್ಯಾನಿನಲ್ಲಿ ಉಜ್ಜಿದ ಗಾಜಿನಂತೆ ಕಾಣುವ ಮಸುಕು ಬೂದು. ಮಗ ಗೂಗಲ್ ನೋಡಿ ಊಟ ಬಿಟ್ಟಿದ್ದ. ಆಕೆಗೋ ದಮ್ಮು ಮೊದಲಿನಷ್ಟೇ. ಮಗಳ ಮನೆಯಿಂದ ಹಳೇ ಸ್ಕ್ಯಾನಿನ ಚಿತ್ರಗಳಿರುವ ಸಿ.ಡಿ. ತರಿಸಿದೆವು. ಹಳೆಯದರಲ್ಲಿ ಶ್ವಾಸನಾಳ ದುಂಡಗಿತ್ತು. ಹೊಸದರಲ್ಲಿ ಅದರ ಹಿಂಗೋಡೆ ಒಳಕ್ಕೆ ಬಾಗಿತ್ತು. ಅಂದರೆ ಉಸಿರು ಪೂರ್ತಿ ಎಳೆದುಕೊಳ್ಳದೆ ತೆಗೆದ ಸ್ಕ್ಯಾನ್ ಅದು. ಗಾಳಿ ಕಮ್ಮಿ ಇದ್ದರೆ ಶ್ವಾಸಕೋಶ ಸುಮ್ನೆ ಬೂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಟೆಕ್ನಿಷಿಯನ್ ಪಕ್ಕದಲ್ಲಿ ನಿಂತು, 'ಅಮ್ಮಾ, ನಿಧಾನಕ್ಕೆ ಎಳ್ಕೊಳ್ಳಿ, ಇನ್ನೂ, ಇನ್ನೂ, ಈಗ ಹಿಡ್ಕೊಳ್ಳಿ' ಅಂತ ಹೇಳಿಸಿ ಮತ್ತೆ ತೆಗೆದರು. ಬೂದು ಇರಲಿಲ್ಲ.

ಎಲ್ಲರದ್ದೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಹಳೇ ಕಲೆಯ ಮೇಲೆ ಹೊಸ ಬೂದು ನಿಜವಾಗಿಯೂ ಬಂದಿದ್ದರೆ ಅದು ಗಂಭೀರ. ಸೋಂಕೋ, ಕಾಯಿಲೆ ದಿಢೀರನೆ ಕೆರಳಿದ್ದೋ, ಹೃದಯದ ತೊಂದರೆಯೋ, ಚಿತ್ರವೊಂದನ್ನೇ ನೋಡಿ ಹೇಳುವುದು ಕಷ್ಟ.

ಸ್ಕ್ಯಾನ್ ಮಾಡಿಸಿದಾಗಲೇ ಸಿ.ಡಿ. ಕೇಳಿ ಪಡೆಯಿರಿ, ಹಳೇ ಎಕ್ಸ್‌ರೇಗಳನ್ನೂ ಗುಜರಿಗೆ ಹಾಕಬೇಡಿ. ಆದರೆ ನಾಲ್ಕಾರು ದಿನದಲ್ಲಿ ದಮ್ಮು ಏರಿಬಿಟ್ಟರೆ ಬೀರು ಹುಡುಕುತ್ತಾ ಕೂರಬೇಡಿ. ಮೊದಲು ಆಸ್ಪತ್ರೆಗೆ ಬನ್ನಿ, ಸಿ.ಡಿ.ಯನ್ನು ಮನೆಯವರು ಆಮೇಲೆ ತರಲಿ.