ಭೂಮಿಯನ್ನು ಪೂರ್ವಕ್ಕೆ ತಿರುಗಿಸಿದ್ದು ಯಾರು?

ಡಿಸೆಂಬರ್ ಬಂತೆಂದರೆ ನಮ್ಮ ಕಾಫಿ ಕಣಕ್ಕೆ ಒಂದು ಸಿಲ್ವರ್ ಓಕ್ ಮರದ ಕಾಟ. ಕಣದ ದಕ್ಷಿಣದ ಅಂಚಿನಲ್ಲಿ ನಿಂತಿದೆ. ಅದರ ನೆರಳು ಬೆಳಿಗ್ಗೆ ಪಶ್ಚಿಮದ ಮೂಲೆಯ ಚೆರಿ, ಅಂದರೆ ಒಣಹಾಕಿದ ಕಾಫಿ ಹಣ್ಣಿನ ಮೇಲೆ, ಮಧ್ಯಾಹ್ನ ಉತ್ತರಕ್ಕೆ, ಸಂಜೆ ಟಾರ್ಪಾಲ್ ಎಳೆಯುವ ಹೊತ್ತಿಗೆ ಪೂರ್ವಕ್ಕೆ. ಗಡಿಯಾರದ ಮುಳ್ಳಿನ ಹಾಗೇ.

"ಮಾವ, ನೆರಳು ಯಾಕೆ ಉಲ್ಟಾ ಹೋಗಲ್ಲ?" ಎಂದಳು ತಂಗಿಯ ಮಗಳು.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ, ಅದಕ್ಕೆ ಎಂದೆ. ಅದ್ಯಾಕೆ ಹಾಗೇ ತಿರುಗಬೇಕು ಎಂದಳು. ಸೂರ್ಯ, ಗ್ರಹ ಎಲ್ಲ ಹುಟ್ಟಿದ್ದು ಅನಿಲ, ದೂಳಿನ ಒಂದೇ ಮೋಡದಿಂದ, ಆ ಮೋಡ ಹಾಗೆ ತಿರುಗುತ್ತಿತ್ತು ಎಂದು ಶಾಲೆಯ ಉತ್ತರ ಕೊಟ್ಟೆ. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ನಾನು ಹೇಳಿದ್ದು ಅರ್ಧ ಮಾತ್ರ.

ಭೂಮಿ ತಿರುಗುತ್ತದೆ ಎಂಬ ಮಾತು ನಮ್ಮಲ್ಲಿ ಹಳೆಯದು. 499ರ ಹೊತ್ತಿಗೇ ಆರ್ಯಭಟ ಅದನ್ನು ಹೇಳಿದ್ದ. ದೋಣಿಯಲ್ಲಿ ಹೋಗುವವನಿಗೆ ದಡ ಹಿಂದಕ್ಕೆ ಓಡಿದಂತೆ ಕಾಣುತ್ತದಲ್ಲ, ನಕ್ಷತ್ರಗಳೂ ಹಾಗೇ ಎಂದಿದ್ದ. ಆದರೆ ಆ ದಿಕ್ಕಿಗೇ ಯಾಕೆ ಎಂಬ ಪ್ರಶ್ನೆಗೆ ಮೋಡದ ಉತ್ತರ ಬರಲು 18ನೇ ಶತಮಾನ ಬೇಕಾಯಿತು. 1755ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್, 1796ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ಉತ್ತರದ ಕಡೆಯಿಂದ ನೋಡಿದರೆ ಗ್ರಹಗಳೆಲ್ಲ ಸೂರ್ಯನನ್ನು ಸುತ್ತುವುದು ಎಡಸುತ್ತಾಗಿ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ. ಇದು ಸುಮ್ನೆ ಆಗಿದ್ದಲ್ಲ ಎಂದು ಲಾಪ್ಲಾಸ್ ಲೆಕ್ಕ ಹಾಕಿಯೇ ವಾದಿಸಿದ. ಸುತ್ತುವ ದಿಕ್ಕಿನ ಮಟ್ಟಿಗೆ ಅವನ ಮಾತು ಇಂದಿಗೂ ನಿಂತಿದೆ.

ತೊಡಕು ಇರುವುದು ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗುವುದರಲ್ಲಿ. ಕಾವೇರಿ ತುಂಬಿ ಹರಿಯುವಾಗ ಕೊಡಗಿನ ದುಬಾರೆಯ ದಡದಲ್ಲಿ ನಿಂತು ನೋಡಿ. ನಡುನೀರು ಜೋರು, ಅಂಚಿನದು ನಿಧಾನ. ಅವೆರಡರ ನಡುವೆ ಅಡ್ಡಡ್ಡ ಸಿಕ್ಕಿಕೊಂಡ ಕೊಂಬೆಯ ಒಂದು ತುದಿ ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಕೊಂಬೆ ತಿರುಗುತ್ತದೆ. ಸೂರ್ಯನ ಸುತ್ತಲೂ ಹಾಗೇ, ಒಳಗಿನದು ಜೋರು, ಹೊರಗಿನದು ನಿಧಾನ. ಅಲ್ಲಿ ಈ ಕೊಂಬೆಯನ್ನು ಇಟ್ಟು ನೋಡಿ. ಅದು ತಿರುಗುವುದು ಬಲಸುತ್ತಾಗಿ! ಭೂಮಿ ಪೂರ್ವಕ್ಕೆ ತಿರುಗುವುದು ಎಡಸುತ್ತು. ಅಂದರೆ ಗ್ರಹಗಳು ಉಲ್ಟಾ ತಿರುಗಬೇಕಿತ್ತು.

ಲಾಪ್ಲಾಸ್ ಇದನ್ನು ತಪ್ಪಿಸಿಕೊಂಡಿದ್ದು ಒಂದು ಉಪಾಯದಿಂದ. ಮೋಡದಿಂದ ಬಿಟ್ಟುಹೋದ ಉಂಗುರ ಗಾಡಿಯ ಚಕ್ರದಂತೆ ಇಡಿಯಾಗಿ ತಿರುಗುತ್ತದೆ, ಹಾಗಾಗಿ ಹೊರ ಅಂಚೇ ಜೋರು ಎಂದುಬಿಟ್ಟ. ಅನಿಲ ಹಾಗೆ ನಡೆದುಕೊಳ್ಳುವುದಿಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಫಾಯ್ ಈ ತಕರಾರನ್ನು ಎತ್ತಿದ.

ಈ ತೊಡಕು ಬಿಡಿಸಿದ್ದು ಕಂಪ್ಯೂಟರ್. ಬೆಳೆಯುತ್ತಿರುವ ಗ್ರಹದ ಹತ್ತಿರ ಬರುವ ಕಲ್ಲುಚೂರುಗಳು ನದಿಯ ನೀರಿನಂತೆ ಸುಮ್ಮನೆ ಪಕ್ಕದಲ್ಲಿ ಹಾದುಹೋಗುವುದಿಲ್ಲ. ಗ್ರಹ ಎಳೆಯುತ್ತದೆ, ದಾರಿ ಬಾಗುತ್ತದೆ. ಹೀಗೆ ಬಂದು ಬೀಳುವ ಸಣ್ಣ ಚೂರುಗಳ ಲೆಕ್ಕ ಕೂಡಿಸಿದರೆ ಎಡಸುತ್ತಿನ ಕಡೆಗೇ ಸ್ವಲ್ಪ ವಾಲುತ್ತದೆ. ಆದರೆ ಬಹಳ ಸ್ವಲ್ಪ. ನಮ್ಮ 24 ಗಂಟೆಯ ದಿನಕ್ಕೆ ಅಷ್ಟು ಸಾಲದು. 1993ರಲ್ಲಿ ಡೋನ್ಸ್ ಮತ್ತು ಟ್ರಿಮೇನ್ ಎಂಬ ಖಗೋಳ ವಿಜ್ಞಾನಿಗಳು ಇದನ್ನೇ ಲೆಕ್ಕ ಮಾಡಿ ತೋರಿಸಿದರು. ಭೂಮಿಯಂಥ ಗ್ರಹಗಳ ತಿರುಗಾಟವನ್ನು ತೀರ್ಮಾನಿಸಿದ್ದು ಕೊನೆಕೊನೆಗೆ ಬಂದು ಗುದ್ದಿದ ಕೆಲವೇ ದೊಡ್ಡ ಬಂಡೆಗಳು ಎಂದರು. ಗುದ್ದು ಇನ್ನೊಂದು ಬದಿಗೆ ಬಿದ್ದಿದ್ದರೆ? ಸಂಜೆ ಹೊತ್ತಿಗೆ ನೆರಳು ಪಶ್ಚಿಮದ ಮೂಲೆಗೆ ಬಂದಿರುತ್ತಿತ್ತು, ಅಷ್ಟೇ.

ಗುದ್ದಿನದೇ ಎನ್ನಲಾಗುವ ಗುರುತು ಜಾಸ್ತಿ ಕಾಣುವುದು ಯುರೇನಸ್‌ನಲ್ಲಿ. ಸುಮಾರು 98 ಡಿಗ್ರಿ ವಾಲಿ, ಮಗ್ಗುಲಾಗಿ ಮಲಗಿಕೊಂಡೇ ತಿರುಗುತ್ತದೆ.

ಶುಕ್ರನದು ಬೇರೆ ಕತೆ. ಬೆಳಗಿನ ಜಾವ ಬೆಳ್ಳಿಯಾಗಿ ನಮಗೆಲ್ಲ ಪರಿಚಿತ. ಆದರೆ ಅದು ತಿರುಗುವ ದಿಕ್ಕು 1962ರವರೆಗೆ ಗೊತ್ತಿರಲಿಲ್ಲ. ವರ್ಷವಿಡೀ ಅಲ್ಲಿ ನಮ್ಮ ಮಳೆಗಾಲದ ಕಕ್ಕಡ ತಿಂಗಳಿನಂಥ ಮೋಡದ ಮುಸುಕು, ನೆಲವೇ ಕಾಣದು. ಕೊನೆಗೆ ರೇಡಾರ್ ಅಲೆ ಬಿಟ್ಟು ನೋಡಿದಾಗ ಬಲಸುತ್ತಾಗಿ ತಿರುಗುತ್ತಿತ್ತು! ಒಂದು ಸುತ್ತಿಗೆ 243 ದಿನ. ಇದಕ್ಕೂ ದೊಡ್ಡ ಗುದ್ದೇ ಕಾರಣ ಎಂದು ಕೆಲವರು. 2001ರಲ್ಲಿ ಕೊರೇಯಾ ಮತ್ತು ಲಸ್ಕಾರ್ ಎಂಬ ವಿಜ್ಞಾನಿಗಳು ಗುದ್ದೇ ಬೇಕಿಲ್ಲ ಎಂದರು. ಶುಕ್ರನ ದಪ್ಪ ಗಾಳಿ ಬಿಸಿಲಿಗೆ ಉಬ್ಬುತ್ತದೆ, ಆ ಉಬ್ಬನ್ನು ಸೂರ್ಯ ಎಳೆಯುತ್ತಾನೆ. ಕೋಟ್ಯಂತರ ವರ್ಷ ಹೀಗೇ ನಡೆದರೆ ಗ್ರಹದ ತಿರುಗಾಟ ನಿಧಾನವಾಗಿ, ನಿಂತು, ಉಲ್ಟಾ ಆಗಬಲ್ಲದು. ಗುದ್ದು ಎನ್ನುವವರು ಸರಿಯೋ, ಗಾಳಿ ಎನ್ನುವವರು ಸರಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಇಷ್ಟೂ ಹೇಳಿದ ಮೇಲೆ ಹುಡುಗಿ ಕೇಳಿದ್ದು, ಶುಕ್ರದಲ್ಲಿ ಕಾಫಿ ಒಣಗಲು ಎಷ್ಟು ದಿನ ಬೇಕು ಎಂದು. ಅಲ್ಲಿ ಒಣಗುವುದಿಲ್ಲ ಮಗಳೇ, 460 ಡಿಗ್ರಿ ಶಾಖಕ್ಕೆ ಹುರಿದು ಕರಕಲಾಗುತ್ತದೆ ಎಂದೆ.