ಪ್ರೆಪ್, ಪೆಪ್, ಡಾಕ್ಸಿಪೆಪ್: ಗಡಿಯಾರ ನೋಡಿಕೊಂಡು ಓದಬೇಕಾದ ಪಾಠ

ಫಾರ್ಮಕಾಲಜಿಯಲ್ಲಿ ಎಚ್‌ಐವಿ ಔಷಧಿಗಳ ಅಧ್ಯಾಯ ಬಂದರೆ ನಮ್ಮಲ್ಲಿ ಹೆಚ್ಚಿನವರು ಹೆಸರುಗಳನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುತ್ತೇವೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಪರೀಕ್ಷೆಗೆ ಅಷ್ಟು ಸಾಕು ಅನ್ನಿಸುತ್ತದೆ. ಅದೇ ಮಾತ್ರೆಗಳನ್ನು ಸೋಂಕು ಇಲ್ಲದವರಿಗೆ, ಸೋಂಕು ಬಾರದಿರಲಿ ಅಂತ ಕೊಡುವ ವಿಷಯ ಬಂದಾಗ ಗೊಂದಲ ಶುರು. ಇಲ್ಲಿ ಯಾವ ಔಷಧಿ ಅನ್ನುವುದರ ಜೊತೆಗೆ ಅದು ಯಾವ ಹೊತ್ತಿಗೆ ಮೈಯೊಳಗಿತ್ತು ಅನ್ನುವುದನ್ನೂ ಕೇಳಬೇಕು. ಟಿಪ್ಪಣಿಯ ಉದ್ದಕ್ಕೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಮೊದಲು ಎರಡು ಹೆಸರು. ವೈರಸ್ ತಗಲುವ ಸಾಧ್ಯತೆ ಇರುವವರು ಮುಂಚೆಯೇ ತೆಗೆದುಕೊಳ್ಳುವುದು ಪ್ರೆಪ್. ತಗಲಿರಬಹುದು ಅನ್ನುವ ಘಟನೆ ಆದ ಮೇಲೆ ಅವಸರದಲ್ಲಿ ಶುರುಮಾಡುವುದು ಪೆಪ್. ಪ್ರೆಪ್‌ನಲ್ಲಿ ಸಾಮಾನ್ಯವಾಗಿ ಎರಡು ಔಷಧಿ, ಪೆಪ್‌ನಲ್ಲಿ ಮೂರು. ಪ್ರೆಪ್ ಅಪಾಯ ಇರುವಷ್ಟು ಕಾಲ, ಪೆಪ್ 72 ಗಂಟೆಯೊಳಗೆ ಶುರುಮಾಡಿ 28 ದಿನ.

28 ದಿನ, 72 ಗಂಟೆ ಎಲ್ಲಿಂದ ಬಂತು?

ಎಚ್‌ಐವಿ ರೋಗದ ವಿರುದ್ಧ ಹೋರಾಡುವ ನಮ್ಮ ಸಿಡಿ4 ಜೀವಕೋಶದೊಳಗೆ ಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಳ್ಳಬೇಕು. ಆ ಕೆಲಸ ಮಾಡುವುದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ. ಡಿಎನ್‌ಎ ಸರಪಳಿ ಬೆಳೆಯುವುದನ್ನು ರೈಲಿಗೆ ಬೋಗಿ ಜೋಡಿಸುವ ಹಾಗೆ ಅಂದುಕೊಳ್ಳಿ. ಟೆನೊಫೊವಿರ್ ನೋಡಲು ಬೋಗಿಯಂತೆಯೇ ಇದೆ, ಆದರೆ ಅದರ ಹಿಂಬದಿಗೆ ಕೊಂಡಿಯೇ ಇಲ್ಲ. ಒಮ್ಮೆ ಅದು ಸೇರಿಕೊಂಡರೆ ಮುಂದಿನದನ್ನು ಸಿಕ್ಕಿಸಲು ಆಗುವುದಿಲ್ಲ. ಎಮ್ಟ್ರಿಸಿಟಬಿನ್ ಮತ್ತು ಲ್ಯಾಮಿವುಡಿನ್ ಮಾಡುವುದೂ ಇದನ್ನೇ.

ಡಿಎನ್‌ಎ ಪೂರ್ತಿಯಾಗಿ ನಮ್ಮ ಕ್ರೋಮೊಸೋಮಿನೊಳಗೆ ಸೇರಿಹೋದರೆ ಅದನ್ನು ಕಿತ್ತು ತೆಗೆಯುವ ಮಾತ್ರೆ ಇವತ್ತಿಗೂ ಇಲ್ಲ. ಹಾಗಾಗಿ ತಡೆಯಬೇಕಾದರೆ ಅದಕ್ಕೂ ಮೊದಲೇ ತಡೆಯಬೇಕು. 1990ರ ದಶಕದಲ್ಲಿ ಮಕಾಕ್ ಕೋತಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡಿತು. ಕೋತಿಗಳ ವೈರಸ್ ಎಸ್‌ಐವಿಯನ್ನು ಚುಚ್ಚಿ, 24 ಗಂಟೆಯೊಳಗೆ ಟೆನೊಫೊವಿರ್ ಶುರುಮಾಡಿ 28 ದಿನ ಕೊಟ್ಟಾಗ ಅವುಗಳಿಗೆ ಸೋಂಕು ತಗಲಲಿಲ್ಲ. ಶುರುಮಾಡುವುದು 48 ಅಥವಾ 72 ಗಂಟೆಗೆ ಹೋದರೆ ಕೆಲವಕ್ಕೆ ಸೋಂಕು ತಗಲಿತು. ದಿನಗಳನ್ನು ಕಡಿಮೆ ಮಾಡಿದಾಗಲೂ ಅದೇ ಕಥೆ. ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡಲು ಸಾಧ್ಯವಿಲ್ಲ, ಅಲ್ವಾ? ಆದ್ದರಿಂದ ಈ ಎರಡು ಅಂಕಿಗಳಿಗೆ ಮುಖ್ಯ ಆಧಾರ ಕೋತಿಗಳೇ. ಇನ್ನೊಂದು ವಿಷಯ: 72 ಗಂಟೆ ಅನ್ನುವುದು ಕೊನೆಯ ಗಡುವು. ಮೂರು ದಿನ ಟೈಮ್ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಗಂಟೆಯೊಳಗೆ ಮೊದಲ ಮಾತ್ರೆ ಬಿದ್ದರೆ ಒಳ್ಳೆಯದು.

ಸೂಜಿ ಚುಚ್ಚಿದರೆ

ಇದು ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ನಮಗೇ ಆಗುವಂಥದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ರಾತ್ರಿ ಡ್ಯೂಟಿ. ರಕ್ತ ತೆಗೆದ ಸೂಜಿಗೆ ಕ್ಯಾಪ್ ಹಾಕಲು ಹೋಗಿ ಬೆರಳಿಗೆ ಚುಚ್ಚಿತು. (ಕ್ಯಾಪ್ ಹಾಕಲೇಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ಕೈ ತಾನಾಗಿ ಹೋಗುತ್ತದೆ.) ಕೂಡಲೇ ಬೆರಳನ್ನು ಬಾಯಿಗಿಡುವುದು, ಹಿಂಡಿ ರಕ್ತ ತೆಗೆಯುವುದು, ಸ್ಪಿರಿಟ್ ಅಥವಾ ಬ್ಲೀಚ್ ಸುರಿಯುವುದು ಯಾವುದೂ ಬೇಡ. ಗ್ಲೌಸ್ ತೆಗೆದು, ನಲ್ಲಿ ನೀರು ಬಿಟ್ಟು, ಸೋಪಿನಿಂದ ತೊಳೆಯಬೇಕು. ಕಣ್ಣಿಗೆ ಹಾರಿದ್ದರೆ ಬರೀ ನೀರು ಅಥವಾ ಸಲೈನ್, ಸೋಪು ಬೇಡ.

ಆಮೇಲೆ ಕ್ಯಾಶುವಲ್ಟಿಗೆ ಹೋಗಿ ಹೇಳಬೇಕು. ನ್ಯಾಕೊ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ನಿಯಮದಂತೆ ಪೆಪ್ ಮಾತ್ರೆಗಳು 24 ಗಂಟೆಯೂ ಕೈಗೆ ಸಿಗುವ ಕಡೆ ಇರಬೇಕು. ರೋಗಿಯ ಎಚ್‌ಐವಿ ವರದಿ ಬರಲಿ ಅಂತ ಕಾಯುತ್ತಾ ಕೂರಬಾರದು. ಮೊದಲ ಮಾತ್ರೆ ನುಂಗಿಯೇ ಕಾಯಬೇಕು. ವರದಿ ನೆಗೆಟಿವ್ ಬಂದರೆ ನಿಲ್ಲಿಸುವ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ನಮ್ಮ ದೇಶದಲ್ಲಿ ದೊಡ್ಡವರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ಒಂದೇ ಮಾತ್ರೆ, ದಿನಕ್ಕೊಂದು. ಎಚ್‌ಐವಿ ಟೆಸ್ಟ್ ಅಂದೇ ಒಮ್ಮೆ, ಆಮೇಲೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಅಂದಿನ ಟೆಸ್ಟ್ ಯಾಕೆ ಅಂದರೆ, ಮುಂಚೆಯೇ ಸೋಂಕು ಇತ್ತೋ ಇಲ್ಲವೋ ಅಂತ ದಾಖಲೆ ಇರಬೇಕು.

ಹೆದರಿಕೆಗೆ ಒಂದು ಅಳತೆ: ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು 0.3 ಶೇಕಡಾ. ಅಂದರೆ ಸಾವಿರಕ್ಕೆ ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 30 ಶೇಕಡಾವರೆಗೂ ಹೋಗುತ್ತದೆ. ನಾವು ಹೆದರುವುದು ಮಾತ್ರ ಎಚ್‌ಐವಿಗೇ ಜಾಸ್ತಿ.

ಪೆಪ್ ಬರೀ ಆಸ್ಪತ್ರೆ ಸಿಬ್ಬಂದಿಗೆ ಅಂತ ತಿಳಿಯಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇದನ್ನು ಕೊಡಬೇಕು, ಅಷ್ಟೇ ಬೇಗ.

ಪ್ರೆಪ್: ನುಂಗಿದವರು, ನುಂಗದವರು

ಟೆನೊಫೊವಿರ್ 300 ಮತ್ತು ಎಮ್ಟ್ರಿಸಿಟಬಿನ್ 200 ಮಿಲಿಗ್ರಾಂ ಸೇರಿದ ಟ್ರುವಾಡಾ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರೆಪ್ ಆಗಿ ಒಪ್ಪಿಗೆ ಕೊಟ್ಟಿದ್ದು 2012ರ ಜುಲೈನಲ್ಲಿ. ಅದರ ಹಿಂದಿನ ಅಧ್ಯಯನಗಳನ್ನು ಸುಮ್ನೆ ಅಂಕಿಗಳಾಗಿ ಓದಿದರೆ ತಲೆ ಕೆಡುತ್ತದೆ. 2010ರ ಐಪ್ರೆಕ್ಸ್ ಅಧ್ಯಯನದಲ್ಲಿ 2,499 ಮಂದಿ ಇದ್ದರು, ಎಲ್ಲರೂ ಗಂಡಸರ ಜೊತೆ ಲೈಂಗಿಕ ಸಂಪರ್ಕ ಇದ್ದ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರು. ಸೋಂಕು 44 ಶೇಕಡಾ ಕಡಿಮೆಯಾಯಿತು. ಎರಡು ವರ್ಷದ ನಂತರ ಕೀನ್ಯಾ ಮತ್ತು ಉಗಾಂಡಾದಲ್ಲಿ, ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ ಜೋಡಿಗಳಲ್ಲಿ ಇದೇ ಮಾತ್ರೆ 75 ಶೇಕಡಾ ತಡೆಯಿತು. ಆಫ್ರಿಕಾದ ಯುವತಿಯರ ಮೇಲೆ ನಡೆದ ಫೆಮ್‌ಪ್ರೆಪ್ ಮತ್ತು ವಾಯ್ಸ್ ಅಧ್ಯಯನಗಳಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಒಂದೇ ಔಷಧಿ. ಒಂದು ಕಡೆ 75, ಇನ್ನೊಂದು ಕಡೆ ಸೊನ್ನೆ. ಹೇಗೆ?

ಉತ್ತರ ರಕ್ತದಲ್ಲಿತ್ತು. ವಾಯ್ಸ್‌ನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆ ಅಂದವರ ರಕ್ತ ಪರೀಕ್ಷಿಸಿದರೆ, ಮೂರನೇ ಒಂದು ಭಾಗದಷ್ಟು ಮಾದರಿಗಳಲ್ಲೂ ಔಷಧಿ ಸಿಗಲಿಲ್ಲ. ಐಪ್ರೆಕ್ಸ್‌ನಲ್ಲಿ ರಕ್ತದಲ್ಲಿ ಔಷಧಿ ಇದ್ದವರನ್ನಷ್ಟೇ ತೆಗೆದು ನೋಡಿದರೆ ರಕ್ಷಣೆ 92 ಶೇಕಡಾ. ಅಂದರೆ 44 ಅನ್ನುವುದು ಔಷಧಿಯ ಶಕ್ತಿಯ ಅಂಕಿ ಅಲ್ಲ, ನುಂಗಿದವರೂ ನುಂಗದವರೂ ಕಲಸಿಹೋದ ಸರಾಸರಿ. ಪರೀಕ್ಷೆಯಲ್ಲಿ ಈ ಅಂಕಿ ಬರೆದರೆ ಪಕ್ಕದಲ್ಲಿ ಈ ಸಾಲನ್ನೂ ಬರೆಯಿರಿ.

ವಾಯ್ಸ್‌ನ ಆ ಹುಡುಗಿಯರನ್ನು ಬೇಜವಾಬ್ದಾರಿ ಅನ್ನುವುದು ಸುಲಭ, ಆದರೆ ನಾನು ಹಾಗೆ ಓದುವುದಿಲ್ಲ. ಮನೆಯಲ್ಲಿ ಡಬ್ಬಿ ಸಿಕ್ಕರೆ ನಿನಗೆ ಏಡ್ಸ್ ಇದೆಯಾ ಅಂತ ಕೇಳುವವರಿರುತ್ತಾರೆ. ಆರೋಗ್ಯವಾಗಿರುವಾಗ ದಿನಾ ಮಾತ್ರೆ ನುಂಗುವುದು ಯಾರಿಗೂ ಸುಲಭವಲ್ಲ.

ಶುರುಮಾಡುವ ಮುಂಚೆ

ಮೊದಲು ಎಚ್‌ಐವಿ ಟೆಸ್ಟ್, ನೆಗೆಟಿವ್ ಇರಲೇಬೇಕು. ಈಗಾಗಲೇ ಸೋಂಕು ಇರುವವರು ಎರಡೇ ಔಷಧಿ ತೆಗೆದುಕೊಂಡರೆ ವೈರಸ್ ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ, ಮುಂದೆ ಚಿಕಿತ್ಸೆಗೇ ತೊಂದರೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಟೆಸ್ಟ್ ನೆಗೆಟಿವ್ ತೋರಿಸಬಹುದು, ಆದ್ದರಿಂದ ಇತ್ತೀಚೆಗೆ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ ಬಂದಿತ್ತಾ ಅಂತ ಕೇಳಬೇಕು. ಮೂರು ತಿಂಗಳಿಗೊಮ್ಮೆ ಟೆಸ್ಟ್ ಮತ್ತೆ ಮಾಡಿಸಬೇಕು.

ಕಿಡ್ನಿ ಸರಿಯಿದೆಯಾ ಅಂತ ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ, ಯಾಕೆಂದರೆ ಟೆನೊಫೊವಿರ್ ಹೊರಹೋಗುವುದು ಅಲ್ಲಿಂದಲೇ. ಹೆಪಟೈಟಿಸ್ ಬಿ ಇದೆಯಾ ಅಂತ ನೋಡುವ ಎಚ್‌ಬಿಎಸ್‌ಎಜಿ ಟೆಸ್ಟ್ ಯಾಕೆ ಅಂತ ಹಲವರಿಗೆ ಹೊಳೆಯುವುದಿಲ್ಲ. ಈ ಎರಡೂ ಔಷಧಿ ಹೆಪಟೈಟಿಸ್ ಬಿ ವೈರಸ್ಸನ್ನೂ ತುಳಿದಿಡುತ್ತವೆ. ಹೆಪಟೈಟಿಸ್ ಬಿ ಇರುವವರು ಪ್ರೆಪ್ ತೆಗೆದುಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟರೆ ಅದು ಮತ್ತೆ ಎದ್ದು ಲಿವರ್ ಕೆಡಬಹುದು. ಮೊದಲ ಕೆಲವು ವಾರ ವಾಕರಿಕೆ, ತಲೆನೋವು ಸಾಮಾನ್ಯ. ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ.

ದಿನಾ ಬೇಡ, ಬೇಕಾದಾಗ ಮಾತ್ರ ಅನ್ನುವವರಿಗೆ 2-1-1 ವಿಧಾನ ಇದೆ. ಫ್ರಾನ್ಸ್ ಮತ್ತು ಕೆನಡಾದ ಐಪರ್ಗೆ ಅಧ್ಯಯನದಿಂದ ಬಂದದ್ದು, 86 ಶೇಕಡಾ ರಕ್ಷಣೆ. ಶನಿವಾರ ರಾತ್ರಿ 10ಕ್ಕೆ ಸಂಪರ್ಕ ಅಂದುಕೊಳ್ಳಿ. ಸಂಜೆ 6ಕ್ಕೆ ಎರಡು ಮಾತ್ರೆ. ಭಾನುವಾರ ಸಂಜೆ 6ಕ್ಕೆ ಒಂದು, ಸೋಮವಾರ ಸಂಜೆ 6ಕ್ಕೆ ಇನ್ನೊಂದು. ಮೊದಲ ಡೋಸ್ ಸಂಪರ್ಕಕ್ಕೆ 2ರಿಂದ 24 ಗಂಟೆ ಮುಂಚೆ ಇರಬೇಕು. ಲೆಕ್ಕ ಹಾಕುವುದು ಮೊದಲ ಮಾತ್ರೆಯ ಹೊತ್ತಿನಿಂದ, ಸಂಪರ್ಕದ ಹೊತ್ತಿನಿಂದ ಅಲ್ಲ. ಇದು ಗಂಡಸರ ನಡುವಿನ ಸಂಪರ್ಕದಲ್ಲಿ ಪರೀಕ್ಷಿಸಿದ್ದು. ಯೋನಿಯ ಅಂಗಾಂಶದಲ್ಲಿ ಟೆನೊಫೊವಿರ್ ಅಷ್ಟು ಬೇಗ ಸೇರುವುದಿಲ್ಲ, ಹಾಗಾಗಿ ಹೆಂಗಸರಿಗೆ ದಿನದ ಮಾತ್ರೆಯೇ. ಹೆಪಟೈಟಿಸ್ ಬಿ ಇರುವವರಿಗೂ 2-1-1 ಬೇಡ.

ಪ್ರೆಪ್ ಎಚ್‌ಐವಿಯನ್ನು ಮಾತ್ರ ತಡೆಯುತ್ತದೆ. ಸಿಫಿಲಿಸ್, ಗೊನೊರಿಯಾ, ಗರ್ಭ ನಿಲ್ಲುವುದು ಇವು ಯಾವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಂಡೋಮ್ ಬಿಟ್ಟುಬಿಡಿ ಅಂತ ಯಾವ ಮಾರ್ಗಸೂಚಿಯೂ ಹೇಳಿಲ್ಲ.

ಮೈಸೂರಿನಲ್ಲಿ

ನಮ್ಮ ದೇಶದಲ್ಲಿ ಪ್ರೆಪ್ ನಡೆಯುತ್ತದಾ ಅಂತ ನೋಡಲು ಲೈಂಗಿಕ ಕಾರ್ಯಕರ್ತೆಯರ ನಡುವೆ ಎರಡು ಪ್ರಾಯೋಗಿಕ ಯೋಜನೆ ನಡೆದವು. ಒಂದು ಕೋಲ್ಕತ್ತದ ಸೋನಾಗಾಚಿಯಲ್ಲಿ, ಇನ್ನೊಂದು ನಮ್ಮ ಮೈಸೂರಿನಲ್ಲಿ, ಆಶೋದಯ ಸಮಿತಿಯ ಮೂಲಕ. ಎರಡೂ ಕಡೆ ನಡೆಸಿದ್ದು ಆ ಹೆಂಗಸರದೇ ಸಂಘಟನೆಗಳು. ಒಟ್ಟು 1,300ಕ್ಕೂ ಹೆಚ್ಚು ಮಂದಿ ದಿನದ ಮಾತ್ರೆ ತೆಗೆದುಕೊಂಡರು. ಯೋಜನೆಯ ಅವಧಿಯಲ್ಲಿ ಒಬ್ಬರಿಗೂ ಹೊಸದಾಗಿ ಎಚ್‌ಐವಿ ಬರಲಿಲ್ಲ. ವಾಯ್ಸ್‌ನ ಪಕ್ಕ ಇದನ್ನಿಟ್ಟು ಓದಿ. ಗೊತ್ತಿರುವ ಅಕ್ಕ ಬಂದು ಇವತ್ತು ಮಾತ್ರೆ ತಗೊಂಡ್ಯಾ ಅಂತ ಕೇಳುವುದಕ್ಕೂ, ಸಂಶೋಧಕರು ಡಬ್ಬಿ ಕೊಟ್ಟು ಕಳಿಸುವುದಕ್ಕೂ ವ್ಯತ್ಯಾಸ ಇದೆ ಅನ್ನುವುದು ನನ್ನ ಊಹೆ. 2022ರಲ್ಲಿ ನ್ಯಾಕೊ ಪ್ರೆಪ್‌ಗೆ ಮಾರ್ಗಸೂಚಿ ತಂದಿತು. ಎಚ್‌ಐವಿ ಬಗ್ಗೆ ಏನೇ ಕೇಳಬೇಕಿದ್ದರೂ 1097 ಸಹಾಯವಾಣಿ ಉಚಿತ.

ಮಾತ್ರೆಯಿಂದ ಸೂಜಿಗೆ

ನುಂಗುವುದೇ ಕಷ್ಟ ಅಂದಮೇಲೆ ಸಂಶೋಧನೆ ಇಂಜೆಕ್ಷನ್ ಕಡೆ ತಿರುಗಿದ್ದು ಸಹಜ. ಕ್ಯಾಬೊಟೆಗ್ರಾವಿರ್ ಎರಡು ತಿಂಗಳಿಗೊಮ್ಮೆ ಸೊಂಟದ ಸ್ನಾಯುವಿಗೆ, ಎಫ್‌ಡಿಎ ಒಪ್ಪಿಗೆ 2021ರ ಡಿಸೆಂಬರ್. ಲೆನಕಾಪವಿರ್ ಆರು ತಿಂಗಳಿಗೊಮ್ಮೆ ಚರ್ಮದಡಿಗೆ, ಒಪ್ಪಿಗೆ 2025ರ ಜೂನ್. ಇದು ಕೆಲಸ ಮಾಡುವ ಜಾಗ ಬೇರೆ: ವೈರಸ್ಸಿನ ಕ್ಯಾಪ್ಸಿಡ್ ಚಿಪ್ಪು. ಮೊದಲ ಎರಡು ದಿನ ಮಾತ್ರೆಯೂ ಬೇಕು, ಚರ್ಮದಡಿಯ ಔಷಧಿ ನಿಧಾನಕ್ಕೆ ರಕ್ತಕ್ಕೆ ಬರುವುದರಿಂದ.

ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದ ಪರ್ಪಸ್ 1 ಅಧ್ಯಯನದಲ್ಲಿ ಲೆನಕಾಪವಿರ್ ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ದಿನದ ಟ್ರುವಾಡಾ ಪಡೆದ 1,068 ಮಂದಿಯಲ್ಲಿ 16 ಮಂದಿಗೆ ಬಂತು. ಮತ್ತೆ ಅದೇ ಕಾರಣ, ಹೆಚ್ಚಿನವರು ಮಾತ್ರೆ ಸರಿಯಾಗಿ ನುಂಗಿರಲಿಲ್ಲ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಇದರ ಜನರಿಕ್ ರೂಪವನ್ನು ವರ್ಷಕ್ಕೆ ಸುಮಾರು 40 ಡಾಲರ್‌ಗೆ, 2027ರಿಂದ, 120 ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಕೊಡುವುದಾಗಿ ಘೋಷಿಸಿವೆ.

ನಮ್ಮ ದೇಶಕ್ಕೆ ಒಂದು ಎಚ್ಚರಿಕೆ ಇದೆ: ಟಿಬಿಗೆ ಕೊಡುವ ರಿಫಾಂಪಿಸಿನ್. ಅದು ಈ ಎರಡೂ ಇಂಜೆಕ್ಷನ್‌ಗಳ ಮಟ್ಟವನ್ನು ಕೆಳಗಿಳಿಸುತ್ತದೆ. ಕ್ಯಾಬೊಟೆಗ್ರಾವಿರ್ ಜೊತೆ ಅದನ್ನು ಕೊಡುವಂತೆಯೇ ಇಲ್ಲ. ಲೆನಕಾಪವಿರ್‌ಗೆ ಹೆಚ್ಚುವರಿ ಡೋಸ್ ಬೇಕು. ವೈವಾದಲ್ಲಿ ಕೇಳಲು ಹೇಳಿ ಮಾಡಿಸಿದ ಪ್ರಶ್ನೆ ಇದು.

ಬ್ಯಾಕ್ಟೀರಿಯಾಕ್ಕೆ ಡಾಕ್ಸಿ

ಸಿಫಿಲಿಸ್, ಕ್ಲಮಿಡಿಯಾ, ಗೊನೊರಿಯಾ ಮೂರೂ ಬ್ಯಾಕ್ಟೀರಿಯಾದಿಂದ ಬರುವಂಥವು. ಕಾಂಡೋಮ್ ಇಲ್ಲದ ಸಂಪರ್ಕದ ನಂತರ 72 ಗಂಟೆಯೊಳಗೆ, ಸಾಧ್ಯವಾದರೆ 24 ಗಂಟೆಯೊಳಗೆ, ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಒಂದೇ ಸಲ ತೆಗೆದುಕೊಳ್ಳುವುದು ಡಾಕ್ಸಿಪೆಪ್. ದಿನಕ್ಕೆ 200 ದಾಟಬಾರದು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಿಯಾಟಲ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸೋಂಕುಗಳು ಒಟ್ಟಾರೆ ಮೂರನೇ ಎರಡು ಭಾಗದಷ್ಟು ಇಳಿದವು. ಸಿಫಿಲಿಸ್, ಕ್ಲಮಿಡಿಯಾಕ್ಕೆ ಚೆನ್ನಾಗಿ ಹಿಡಿಯಿತು, ಗೊನೊರಿಯಾಕ್ಕೆ ಅಷ್ಟಕ್ಕಷ್ಟೇ. ಕೀನ್ಯಾದಲ್ಲಿ ಯುವತಿಯರ ಮೇಲೆ ಮಾಡಿದಾಗ ಹೇಳಿಕೊಳ್ಳುವ ಫಲ ಸಿಗಲಿಲ್ಲ. ಅವರ ಕೂದಲು ಪರೀಕ್ಷಿಸಿದರೆ ಹೆಚ್ಚಿನ ಮಾದರಿಗಳಲ್ಲಿ ಡಾಕ್ಸಿಯೇ ಇರಲಿಲ್ಲ. ವಾಯ್ಸ್ ನೆನಪಾಯಿತಾ?

2024ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಡಾಕ್ಸಿಪೆಪ್ ಹೇಳಿದ್ದು ಒಂದು ಗುಂಪಿಗೆ: ಕಳೆದ 12 ತಿಂಗಳಲ್ಲಿ ಇವುಗಳಲ್ಲಿ ಒಂದು ಸೋಂಕು ಬಂದಿದ್ದ, ಗಂಡಸರ ಜೊತೆ ಸಂಪರ್ಕ ಇರುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರು. ಎಲ್ಲರಿಗೂ ಹಂಚಿದರೆ ಗೊನೊರಿಯಾ ಮತ್ತು ಮೈಮೇಲಿನ ಸ್ಟ್ಯಾಫ್ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುವ ಭಯ ಇದೆ. ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ ಡಾಕ್ಸಿ ಚೀಟಿಯಿಲ್ಲದೆ ಸಿಗುವುದನ್ನು ನೋಡಿದರೆ ಆ ಭಯ ನನಗೂ ಇದೆ. ಗರ್ಭಿಣಿಯರಿಗೆ ಬೇಡ. ತೆಗೆದುಕೊಳ್ಳುವವರು ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಮಲಗದೆ ಇರಬೇಕು, ಇಲ್ಲದಿದ್ದರೆ ಕ್ಯಾಪ್ಸೂಲ್ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತದೆ. ಕಬ್ಬಿಣದ ಮಾತ್ರೆ, ಆಂಟಾಸಿಡ್ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ.

ಲಸಿಕೆ, ಎರಡೇ ಮಾತು

ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ಸಿಗೆ ನಮ್ಮದೇ ಸೆರ್ವಾವ್ಯಾಕ್ ಇದೆ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಮಾಡಿದ್ದು. 6, 11, 16, 18 ಈ ನಾಲ್ಕು ಬಗೆಗಳ ವಿರುದ್ಧ. ಹೆಪಟೈಟಿಸ್ ಬಿ ಲಸಿಕೆ ದೊಡ್ಡವರಿಗೆ 0, 1, 6 ತಿಂಗಳಿಗೆ ಮೂರು ಡೋಸ್. ವಾರ್ಡ್ ಪೋಸ್ಟಿಂಗ್ ಶುರುವಾಗುವ ಮೊದಲು ಮುಗಿಸಿಕೊಳ್ಳಿ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಲಸಿಕೆ ಹಿಡಿದಿದೆಯಾ ಅಂತ ನೋಡುವ ಆಂಟಿ-ಎಚ್‌ಬಿಎಸ್ ಟೆಸ್ಟ್ ಮಾಡಿಸಿ. 10ಕ್ಕಿಂತ ಕಡಿಮೆ ಬಂದರೆ ಲಸಿಕೆ ಹಿಡಿದಿಲ್ಲ ಅಂತ ಅರ್ಥ, ಮತ್ತೆ ಹಾಕಿಸಬೇಕು.